ಸೂಪರ್‌ವೈಸರ್‌ಗೆ ಹೇಳದೇ ಉಳಿದ ಮಾತು

ಪ್ರಶ್ನೆ: ನಾನು ಒಂದೂವರೆ ವರ್ಷದಿಂದ ಸೈಕೋಥೆರಪಿ (ಮಾತಿನ ಮೂಲಕ ಮನಸ್ಸಿಗೆ ಚಿಕಿತ್ಸೆ) ತರಬೇತಿಯಲ್ಲಿದ್ದೇನೆ. ವಾರಕ್ಕೊಮ್ಮೆ ಸೂಪರ್‌ವಿಷನ್ ಇರುತ್ತದೆ, ಅಂದರೆ ನಾನು ನೋಡುವ ಕೇಸ್‌ಗಳ ಬಗ್ಗೆ ಹಿರಿಯ ಥೆರಪಿಸ್ಟ್ ಒಬ್ಬರ ಜೊತೆ ಮಾತುಕತೆ. ನನ್ನ ಸೂಪರ್‌ವೈಸರ್ ಒಳ್ಳೆಯವರು, ತುಂಬಾ ತಿಳಿದವರು. ನನ್ನ ಮೌಲ್ಯಮಾಪನದ ವರದಿ ಬರೆಯುವವರೂ ಅವರೇ. ಎರಡು ತಿಂಗಳ ಹಿಂದೆ ನನ್ನ ಕ್ಲೈಂಟ್ ಒಬ್ಬರು ‘ಇಲ್ಲಿಗೆ ಬಂದು ನನಗೇನೂ ಉಪಯೋಗ ಆಗ್ತಿಲ್ಲ’ ಎಂದರು. ಅದನ್ನು ನಾನು ಸೂಪರ್‌ವಿಷನ್‌ನಲ್ಲಿ ಹೇಳಲಿಲ್ಲ. ಆಮೇಲೆ ಇನ್ನೂ ಕೆಲವು ವಿಷಯ ಹೇಳಲಿಲ್ಲ. ಈಗ ಅದೇ ಅಭ್ಯಾಸವಾಗಿದೆ. ಅವರು ಸಲಹೆ ಕೊಟ್ಟರೆ ‘ಹೂಂ, ಸರಿ’ ಅನ್ನುತ್ತೇನೆ, ಹೊರಗೆ ಬಂದ ಮೇಲೆ ಬಿಟ್ಟುಬಿಡುತ್ತೇನೆ. ಜೊತೆಗೆ ಕಲಿಯುತ್ತಿರುವ ಸ್ನೇಹಿತೆಗೆ ಮಾತ್ರ ಎಲ್ಲವನ್ನೂ ಹೇಳಿಕೊಳ್ಳುತ್ತೇನೆ. ನಾನು ಸೂಪರ್‌ವೈಸರ್ ಬದಲಾಯಿಸಬೇಕಾ? ನಾನೇ ಥೆರಪಿಗೆ ಹೋಗಬೇಕಾ? ನಾನು ಮೋಸ ಮಾಡ್ತಿದ್ದೀನಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮನ್ನು ಕೊರೆಯುತ್ತಿರುವುದು ಅದೇ. ನೀವು ಹೆದರಿದ್ದೀರಿ. ಹೆದರಿದವರು ಮುಚ್ಚಿಡುತ್ತಾರೆ. ಅದನ್ನು ಮೋಸ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಈ ವಿಷಯದಲ್ಲಿ ನೀವು ಒಂಟಿಯಂತೂ ಅಲ್ಲವೇ ಅಲ್ಲ. 1996ರಲ್ಲಿ ಸಂಶೋಧಕ ನಿಕೋಲಸ್ ಲದಾನಿ ಮತ್ತು ಅವರ ಸಂಗಡಿಗರು 108 ಟ್ರೈನಿಗಳನ್ನು, ಅಂದರೆ ನಿಮ್ಮ ಹಾಗೆ ತರಬೇತಿಯಲ್ಲಿರುವವರನ್ನು, ‘ಸೂಪರ್‌ವೈಸರ್‌ಗೆ ಏನೇನು ಹೇಳಿಲ್ಲ?’ ಎಂದು ಕೇಳಿದರು. ಬಹುತೇಕ ಎಲ್ಲರ ಹತ್ತಿರವೂ ಏನಾದರೊಂದು ಇತ್ತು. ಎಲ್ಲಕ್ಕಿಂತ ಜಾಸ್ತಿ ಜನ ಮುಚ್ಚಿಟ್ಟದ್ದು ಸೂಪರ್‌ವೈಸರ್ ಬಗ್ಗೆ ತಮಗಿದ್ದ ಬೇಸರವನ್ನು. ಸ್ವಂತ ತೊಂದರೆಗಳು, ಮಾಡಿದ ತಪ್ಪುಗಳು, ಮೌಲ್ಯಮಾಪನದ ಭಯ ಇವೂ ಆ ಪಟ್ಟಿಯಲ್ಲಿದ್ದವು. ಹೀಗೆ ಮುಚ್ಚಿಟ್ಟದ್ದನ್ನು ಬಹಳ ಜನ ಬೇರೆ ಯಾರಿಗೋ ಹೇಳಿಕೊಂಡಿದ್ದರು, ಅದೂ ಹೆಚ್ಚಾಗಿ ಜೊತೆಯಲ್ಲಿ ಕಲಿಯುವವರಿಗೆ. ನಿಮ್ಮ ಸ್ನೇಹಿತೆಯ ಹಾಗೆ. 2010ರ ಇನ್ನೊಂದು ಅಧ್ಯಯನದಲ್ಲಿ 204 ಟ್ರೈನಿಗಳಿಗೆ ತೀರಾ ಈಚಿನ ಒಂದು ಸೂಪರ್‌ವಿಷನ್ ಬಗ್ಗೆ ಮಾತ್ರ ಕೇಳಿದರು. ಆ ಒಂದೇ ಭೇಟಿಯಲ್ಲಿ ಏನನ್ನೋ ಹೇಳದೇ ಎದ್ದುಬಂದವರು ನೂರಕ್ಕೆ 84 ಜನ.

ಈ ಅಂಕಿಗಳನ್ನು ‘ಎಲ್ಲರೂ ಮಾಡ್ತಾರೆ ಬಿಡಿ’ ಎಂದು ಸಮಾಧಾನ ಹೇಳಲು ಕೊಡುತ್ತಿಲ್ಲ. ಇಷ್ಟು ಜನ ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಎಂದರೆ ತೊಂದರೆ ಒಬ್ಬೊಬ್ಬರ ಧೈರ್ಯದಲ್ಲಿ ಇಲ್ಲ. ಆ ಕೋಣೆಯೇ ಹಾಗಿದೆ. ಅಲ್ಲಿ ಎದುರಿಗೆ ಕೂತವರು ಒಂದು ಕೈಯಲ್ಲಿ ಬೆನ್ನು ತಟ್ಟುತ್ತಾರೆ, ಇನ್ನೊಂದು ಕೈಯಲ್ಲಿ ಮಾರ್ಕ್ಸ್ ಹಾಕುತ್ತಾರೆ. ‘ನಿಮ್ಮ ತಪ್ಪುಗಳನ್ನು ತನ್ನಿ, ಅವುಗಳಿಂದಲೇ ಕಲಿಯೋಣ’ ಎಂದವರೇ ಆರು ತಿಂಗಳಾದ ಮೇಲೆ ‘ಇವರು ಈ ಕೆಲಸಕ್ಕೆ ಯೋಗ್ಯರೇ’ ಎಂದು ಬರೆಯುತ್ತಾರೆ. ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಆಗಲೂಬಾರದು. ಕ್ಲೈಂಟ್‌ಗಳನ್ನು ಕಾಯುವುದೂ ಸೂಪರ್‌ವೈಸರ್ ಕೆಲಸವೇ. ಆದರೆ ಈ ಎರಡು ಕೈಗಳ ಬಗ್ಗೆ ಮೊದಲ ದಿನವೇ ಬಿಚ್ಚಿ ಮಾತಾಡಬೇಕು. ಹಾಗೆ ಮಾತಾಡುವವರು ಕಡಿಮೆ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಬೋರ್ಡಿನ್ 1983ರಲ್ಲಿ ಸೂಪರ್‌ವಿಷನ್ ಸಂಬಂಧವನ್ನು ಮೂರು ಎಳೆಗಳಲ್ಲಿ ಬಿಡಿಸಿಟ್ಟರು: ಎಲ್ಲಿಗೆ ಹೋಗಬೇಕು ಎನ್ನುವುದರಲ್ಲಿ ಒಪ್ಪಿಗೆ, ಅದಕ್ಕೆ ಏನು ಮಾಡಬೇಕು ಎನ್ನುವುದರಲ್ಲಿ ಒಪ್ಪಿಗೆ, ಇಬ್ಬರ ನಡುವಿನ ನಂಟು. ಥೆರಪಿಗೂ ಅವರು ಇದೇ ಮೂರನ್ನು ಹೇಳಿದ್ದರು. ನಿಮ್ಮ ಪತ್ರದಲ್ಲಿ ಮೂರನೆಯದು ಮಾತ್ರ ಕಾಣಿಸುತ್ತಿದೆ. ‘ಅವರು ಒಳ್ಳೆಯವರು, ತಿಳಿದವರು’ ಎನ್ನುತ್ತೀರಿ. ಸರಿ, ಆದರೆ ವರದಿಯಲ್ಲಿ ಅವರು ಏನನ್ನು ನೋಡುತ್ತಾರೆ ಎಂದು ನಿಮಗೆ ಗೊತ್ತಾ? ‘ಕ್ಲೈಂಟ್ ಬೇಸರಪಟ್ಟರು’ ಎಂದು ತಂದರೆ ಅದು ನಿಮ್ಮ ಕಲಿಕೆ ಎಂದು ಬರೆಯುತ್ತಾರಾ, ಕೊರತೆ ಎಂದು ಬರೆಯುತ್ತಾರಾ? ಗೊತ್ತಿಲ್ಲದ ಕಡೆ ನಾವೆಲ್ಲ ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತೇವೆ, ಅಲ್ವಾ? ಒಳ್ಳೆಯವರ ಹತ್ತಿರ ಹೇಳುವುದು ಇನ್ನೂ ಕಷ್ಟ ಎನ್ನುವುದನ್ನೂ ಮರೆಯಬೇಡಿ. ಅವರ ಕಣ್ಣಲ್ಲಿ ಸಣ್ಣವರಾಗಿಬಿಡುತ್ತೇವೆ ಎಂಬ ಅಳುಕು.

ಇನ್ನು ನಿಮ್ಮ ಆ ‘ಹೂಂ, ಸರಿ’. ನನ್ನ ಮನಸ್ಸು ಅಲ್ಲಿಯೇ ನಿಂತುಬಿಟ್ಟಿತು. ಅದಕ್ಕೊಂದು ಕಾರಣ ಇದೆ.

ಕೆಲವು ವರ್ಷಗಳ ಹಿಂದೆ ಒಬ್ಬರು ನನ್ನ ಹತ್ತಿರ ಸೂಪರ್‌ವಿಷನ್‌ಗೆ ಬರುತ್ತಿದ್ದರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ನಾನು ಏನಾದರೂ ಹೇಳಿದ ತಕ್ಷಣ ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಅಚ್ಚುಕಟ್ಟಾದ ಅಕ್ಷರ, ಒಂದೊಂದು ಸಲಹೆಯ ಮುಂದೂ ಒಂದು ಚುಕ್ಕಿ. ಒಂದು ದಿನ ಆ ಪೆನ್ನು ಓಡುತ್ತಿರುವಾಗ ನನಗೆ ನನ್ನದೇ ದನಿ ಕೇಳಿಸಿತು. ಹತ್ತು ನಿಮಿಷದಲ್ಲಿ ಐದು ಸಲಹೆ ಕೊಟ್ಟಿದ್ದೆ. ನಾನು ಸಾಮಾನ್ಯವಾಗಿ ಹಾಗೆ ಮಾಡುವವಳಲ್ಲ. ಎದೆಯಲ್ಲಿ ಏನೋ ಧಾವಂತ. ಇವರಿಗೆ ಇನ್ನೂ ಏನಾದರೂ ಕೊಡಬೇಕು, ಕೊಟ್ಟದ್ದು ಸಾಲದು ಎನ್ನುವ ಹಾಗೆ.

ನಿಲ್ಲಿಸಿ ಕೇಳಿದೆ: ‘ಒಂದು ನಿಮಿಷ. ಈಗ ನಾನು ಹೇಳಿದ್ದರಲ್ಲಿ ನಿಮಗೆ ಉಪಯೋಗಕ್ಕೆ ಬರೋದು ಯಾವುದಾದ್ರೂ ಇದೆಯಾ?’

ಪೆನ್ನು ನಿಂತಿತು. ಬಹಳ ಹೊತ್ತು ಸುಮ್ಮನಿದ್ದು, ‘ಇಲ್ಲ ಮೇಡಂ’ ಎಂದರು. ಆಮೇಲೆ ಮೆಲ್ಲಗೆ, ‘ಬರ್ಕೊಳ್ಳದೇ ಇದ್ರೆ ನಿಮಗೆ ಬೇಜಾರಾಗುತ್ತೆ ಅನ್ನಿಸ್ತು.’

‘ನೀವು ಏನಾದ್ರೂ ಹೇಳಿಕೊಟ್ಟಾಗ ನಿಮ್ಮ ಕ್ಲೈಂಟ್ ಏನು ಮಾಡ್ತಾರೆ?’

‘ಫೋನ್‌ನಲ್ಲಿ ಟೈಪ್ ಮಾಡ್ಕೊಳ್ತಾರೆ. ಮುಂದಿನ ವಾರ ಕೇಳಿದ್ರೆ ಮಾಡಿರಲ್ಲ...’ ಮಾತು ಅರ್ಧಕ್ಕೇ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆ ಕ್ಲೈಂಟ್ ಬೆಳೆದದ್ದು ದೊಡ್ಡವರಿಗೆ ಬೇಸರವಾದರೆ ಮನೆಯೇ ನಡುಗುವಂಥ ಕಡೆ. ‘ಸರಿ’ ಎನ್ನುವುದೇ ಆಕೆಗೆ ಬದುಕುವ ದಾರಿಯಾಗಿತ್ತು. ಥೆರಪಿಸ್ಟ್ ಹತ್ತಿರವೂ ಆಕೆ ಹಾಗೇ ಇದ್ದರು. ಥೆರಪಿಸ್ಟ್‌ಗೆ ‘ಏನು ಕೊಟ್ಟರೂ ಸಾಲುತ್ತಿಲ್ಲ’ ಎಂಬ ಧಾವಂತ ಹತ್ತಿತ್ತು. ಅವರು ಅದನ್ನು ಮಾತಲ್ಲಿ ಹೇಳಲಾಗದೆ, ತಮಗೆ ಗೊತ್ತಿಲ್ಲದೆಯೇ ನನ್ನ ಮುಂದೆ ಆ ಕ್ಲೈಂಟ್ ಥರ ಕೂತಿದ್ದರು. ಅವರ ಧಾವಂತ ನನಗೆ ಬಂದಿತ್ತು. ಮುಂದಿನ ವಾರ ಅವರು ಕ್ಲೈಂಟ್‌ಗೆ, ‘ನಾನು ಹೇಳಿದ್ದಕ್ಕೆಲ್ಲ ನೀವು ಸರಿ ಅಂತೀರಿ. ಸರಿ ಇಲ್ಲ ಅನ್ನಿಸಿದ್ದು ಯಾವುದು?’ ಎಂದು ಕೇಳಿದರಂತೆ. ಆಕೆ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿ, ಮೊದಲ ಸಲ ತಲೆ ಎತ್ತಿ ನೋಡಿದರಂತೆ.

ಮನೋವಿಶ್ಲೇಷಕ ಹೆರಾಲ್ಡ್ ಸರ್ಲ್ಸ್ 1955ರಲ್ಲಿ ಬರೆದದ್ದು ಇದನ್ನೇ. ಸೂಪರ್‌ವೈಸರ್ ಮನಸ್ಸಲ್ಲಿ ಏಳುವ ಭಾವನೆಗಳು ಅವರು ಕಣ್ಣಾರೆ ನೋಡದ ಆ ಇನ್ನೊಂದು ಕೋಣೆಯ ಸುದ್ದಿ ತರಬಲ್ಲವು ಎಂದು. 1958ರಲ್ಲಿ ಎಕ್‌ಸ್ಟೈನ್ ಮತ್ತು ವಾಲರ್‌ಸ್ಟೈನ್ ಇದಕ್ಕೆ ಪ್ಯಾರಲಲ್ ಪ್ರೋಸೆಸ್ ಎಂದು ಹೆಸರಿಟ್ಟರು. ಅಲ್ಲಿ ನಡೆದದ್ದು ಇಲ್ಲಿಯೂ ನಡೆಯುತ್ತದೆ, ಪಾತ್ರಧಾರಿಗಳು ಮಾತ್ರ ಬೇರೆ. 1976ರಲ್ಲಿ ಮಾರ್ಜರಿ ಡೋರ್ಮನ್ ಇದರ ಇನ್ನೊಂದು ಮುಖ ತೋರಿಸಿದರು. ಇದು ಕೆಳಗಿನಿಂದ ಮೇಲಕ್ಕೆ ಮಾತ್ರ ಹೋಗುವುದಲ್ಲ, ಮೇಲಿನಿಂದ ಕೆಳಕ್ಕೂ ಇಳಿಯುತ್ತದೆ. ಸೂಪರ್‌ವೈಸರ್ ಜೊತೆಗಿನ ಗಂಟನ್ನು ಥೆರಪಿಸ್ಟ್ ಕ್ಲೈಂಟ್ ಹತ್ತಿರ ಹೊತ್ತುಕೊಂಡು ಹೋಗಬಹುದು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಈ ವಿಚಾರ ಎಷ್ಟು ಚೆನ್ನಾಗಿದೆಯೋ, ಸೂಪರ್‌ವೈಸರ್‌ಗಳಿಗೆ ಅಡಗಿಕೊಳ್ಳಲು ಅಷ್ಟೇ ಅನುಕೂಲವಾಗಿಯೂ ಇದೆ. ಮೂರು ಸಲ ತಡವಾಗಿ ಬಂದು, ‘ನಿಮಗೆ ಆಗ್ತಿರೋ ಸಿಟ್ಟು ನಿಮ್ಮ ಕ್ಲೈಂಟ್‌ದು’ ಎನ್ನುವವರನ್ನು ನಾನು ನೋಡಿದ್ದೇನೆ. ತಡವಾಗಿ ಬಂದದ್ದು ತಡವಾಗಿ ಬಂದದ್ದೇ. ಅದಕ್ಕೆ ಕ್ಷಮೆ ಕೇಳಿದರೆ ಮುಗಿಯಿತು. ಸಂಬಂಧದಲ್ಲಿ ನಿಜವಾಗಿ ಆದ ತಪ್ಪನ್ನು ಮೊದಲು ತಪ್ಪು ಎಂದು ಒಪ್ಪಿಕೊಂಡು, ಆಮೇಲೆ ಬೇಕಾದರೆ ‘ಇದರಲ್ಲಿ ಕ್ಲೈಂಟ್ ಛಾಯೆ ಏನಾದರೂ ಇದೆಯಾ’ ಎಂದು ನೋಡಬೇಕು. ಈ ಅನುಕ್ರಮ ತಿರುಗುಮುರುಗಾದರೆ ಟ್ರೈನಿಗೆ ತನ್ನ ಕಣ್ಣ ಮೇಲೆಯೇ ನಂಬಿಕೆ ಹೋಗುತ್ತದೆ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಪತ್ರವನ್ನು ಮತ್ತೊಮ್ಮೆ ಓದಿ. ನಿಮ್ಮ ಕ್ಲೈಂಟ್ ಏನು ಮಾಡಿದರು? ತನಗಿಂತ ಹೆಚ್ಚು ಬಲ ಇರುವ ಒಬ್ಬರ ಎದುರು ಕೂತು, ‘ಇದರಿಂದ ನನಗೆ ಉಪಯೋಗ ಆಗ್ತಿಲ್ಲ’ ಎಂದರು. ನಿಮಗೆ ಸೂಪರ್‌ವೈಸರ್ ಹತ್ತಿರ ಹೇಳಲಾಗದೆ ಗಂಟಲಲ್ಲಿ ಸಿಕ್ಕಿಕೊಂಡಿರುವುದೂ ಅದೇ ಮಾತು. ನೀವು ‘ಹೂಂ, ಸರಿ’ ಎಂದು ಹೊರಗೆ ಬಂದು ಬಿಟ್ಟುಬಿಡುತ್ತೀರಿ. ನಿಮ್ಮ ಕ್ಲೈಂಟ್ ಹಾಗೆ ಮಾಡಲಿಲ್ಲ.

ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟೋಫರ್ ಮುರಾನ್ ಥೆರಪಿಯಲ್ಲಿ ಸಂಬಂಧ ಬಿರುಕು ಬಿಡುವುದನ್ನು ಬಹಳ ವರ್ಷ ನೋಡಿದವರು. ಅವರು ಎರಡು ಬಗೆ ಹೇಳುತ್ತಾರೆ. ಒಂದು, ಎದುರೆದುರೇ ಹೇಳುವುದು. ಇನ್ನೊಂದು, ಹಿಂದೆ ಸರಿಯುವುದು, ಅಂದರೆ ಮೇಲೆ ಮೇಲೆ ಒಪ್ಪಿಕೊಂಡು ಒಳಗೆ ದೂರವಾಗುವುದು. ಎರಡನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ಅದು ಹೆಚ್ಚು ದಿನ ಉಳಿಯುತ್ತದೆ. ನಿಮ್ಮ ಕ್ಲೈಂಟ್ ಮೊದಲನೆಯದನ್ನು ಮಾಡಿದರು, ನೀವು ಎರಡನೆಯದರಲ್ಲಿ ಇದ್ದೀರಿ.

ಒಂದು ವಿಷಯವನ್ನು ನೀವು ಬರೆದಿಲ್ಲ. ನಿಮ್ಮ ಕ್ಲೈಂಟ್ ಹೇಳಿದ ಆ ಮಾತಿಗೆ ನೀವು ಏನು ಉತ್ತರ ಕೊಟ್ಟಿರಿ? ನನ್ನ ಊಹೆ, ‘ಸ್ವಲ್ಪ ಸಮಯ ಹಿಡಿಯುತ್ತೆ’ ಎಂದಿರಬಹುದು. ಇಲ್ಲವೇ ಹೊಸ ಅಭ್ಯಾಸ ಏನಾದರೂ ಹೇಳಿಕೊಟ್ಟಿರಬಹುದು. ಆ ಕ್ಷಣದಲ್ಲಿ ನಾಚಿಕೆ ಮೈಯೆಲ್ಲ ತುಂಬಿಕೊಂಡಿರುತ್ತದೆ, ಕಿವಿ ಕೇಳಿಸುವುದಿಲ್ಲ. ನನಗೂ ಆಗಿದೆ. ಸೂಪರ್‌ವಿಷನ್ ಬೇಕಾಗಿರುವುದೇ ಆ ಒಂದು ನಿಮಿಷಕ್ಕೆ. ನೀವು ಐವತ್ತು ನಿಮಿಷದ ಸೆಷನ್‌ನ ಉಳಿದ ನಲವತ್ತೊಂಬತ್ತು ನಿಮಿಷ ತಂದು ಅದನ್ನು ಮನೆಯಲ್ಲೇ ಬಿಟ್ಟುಬರುತ್ತಿದ್ದೀರಿ.

ಹೇಗೆ ಹೇಳುವುದು? ಭೇಟಿಯ ಕೊನೆಯಲ್ಲಿ, ಬ್ಯಾಗ್ ಹೆಗಲಿಗೇರಿಸುತ್ತಾ ಹೇಳಬೇಡಿ. ಕೂತ ತಕ್ಷಣ ಹೇಳಿ. ಉದ್ದನೆಯ ಕ್ಷಮಾಪಣೆ ಬೇಡ, ಅದು ನಿಮ್ಮನ್ನು ಸಮಾಧಾನ ಮಾಡುವ ಕೆಲಸಕ್ಕೆ ಅವರನ್ನು ಹಚ್ಚುತ್ತದೆ. ಇಷ್ಟು ಸಾಕು: ‘ಎರಡು ತಿಂಗಳ ಹಿಂದೆ ನನ್ನ ಕ್ಲೈಂಟ್ ಒಂದು ಮಾತು ಹೇಳಿದ್ರು. ನಾನು ಅದನ್ನ ಇಲ್ಲಿಗೆ ತರಲಿಲ್ಲ. ಆ ಮಾತು ಏನು ಅನ್ನೋದರ ಜೊತೆಗೆ, ಯಾಕೆ ತರಲಿಲ್ಲ ಅನ್ನೋದನ್ನೂ ಮಾತಾಡಬೇಕು ಅನ್ನಿಸಿದೆ.’ ಆ ಎರಡನೇ ಅರ್ಧವನ್ನು ಬಿಡಬೇಡಿ. ಮೊದಲ ಅರ್ಧ ಮಾತ್ರ ಹೇಳಿದರೆ ಕ್ಲೈಂಟ್ ಬಗ್ಗೆ ಇನ್ನೈದು ಸಲಹೆ ಸಿಗುತ್ತವೆ, ನೀವು ‘ಹೂಂ, ಸರಿ’ ಎನ್ನುತ್ತೀರಿ.

ಅಷ್ಟೂ ಒಟ್ಟಿಗೆ ಹೇಳಲು ಆಗದಿದ್ದರೆ ವರದಿಯಿಂದಲೇ ಶುರು ಮಾಡಬಹುದು. ‘ನಾನು ಇಲ್ಲಿ ಹೇಳೋದರಲ್ಲಿ ಯಾವುದು ವರದಿಗೆ ಹೋಗುತ್ತೆ, ಯಾವುದು ಹೋಗಲ್ಲ?’ ಇದು ಯಾವ ಟ್ರೈನಿ ಬೇಕಾದರೂ ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಉತ್ತರ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ.

ಸೆಷನ್‌ಗಳನ್ನು ಕ್ಲೈಂಟ್ ಒಪ್ಪಿಗೆಯಿಂದ ರೆಕಾರ್ಡ್ ಮಾಡುತ್ತಿದ್ದರೆ ಇನ್ನೂ ಒಂದು ದಾರಿ ಇದೆ. 1960ರ ದಶಕದಲ್ಲಿ ನಾರ್ಮನ್ ಕೇಗನ್ ರೂಪಿಸಿದ ಪದ್ಧತಿ ಇದು. ಇಬ್ಬರೂ ರೆಕಾರ್ಡಿಂಗ್ ಕೇಳುತ್ತಾರೆ, ಆದರೆ ನಿಲ್ಲಿಸುವ ಗುಂಡಿ ಟ್ರೈನಿ ಕೈಯಲ್ಲಿರುತ್ತದೆ. ಎಲ್ಲಿ ನಿಲ್ಲಿಸಬೇಕು ಎನ್ನುವುದು ನಿಮಗೆ ಬಿಟ್ಟದ್ದು. ಪಕ್ಕದಲ್ಲಿ ಕೂತವರು ತಪ್ಪು ಹುಡುಕುವುದಿಲ್ಲ, ‘ಇಲ್ಲಿ ನಿಮಗೆ ಏನು ಅನ್ನಿಸ್ತಾ ಇತ್ತು? ಏನು ಹೇಳಬೇಕು ಅಂತಿದ್ದು ಹೇಳಲಿಲ್ಲ?’ ಎಂದು ಕೇಳುತ್ತಾರೆ. ಗುಂಡಿ ಯಾರ ಕೈಯಲ್ಲಿದೆ ಎನ್ನುವುದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಹಾಗೆ ಕೂತ ಟ್ರೈನಿಗಳ ಭುಜ ಸಡಿಲವಾಗುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ.

ಹೇಳಿದ ಮೇಲೆ ಅವರು ಏನು ಮಾಡುತ್ತಾರೆ ಗಮನಿಸಿ. ‘ಅದನ್ನ ಇಲ್ಲಿ ಹೇಳೋದು ಕಷ್ಟ ಆಗೋ ಥರ ನಾನೇನಾದ್ರೂ ಮಾಡಿದ್ನಾ?’ ಎಂದು ಕೇಳಿದರೆ ನಿಮ್ಮ ಅದೃಷ್ಟ ದೊಡ್ಡದು. ಮೊದಲು ಸ್ವಲ್ಪ ಬಿಗಿಯಾಗಿ, ವಾರದ ನಂತರ ತಾವೇ ಆ ಮಾತಿಗೆ ಮರಳಿ ಬಂದರೂ ಒಳ್ಳೆಯದೇ. ಅವರೂ ಮನುಷ್ಯರು, ‘ನನ್ನ ಹತ್ತಿರ ಮುಚ್ಚಿಟ್ಟರಲ್ಲ’ ಎಂದು ಅವರಿಗೂ ನೋಯಬಹುದು. ಒಂದು ಸಲಕ್ಕೆ ತೀರ್ಮಾನ ಮಾಡಬೇಡಿ.

ಬದಲಾಯಿಸಬೇಕಾ ಎಂದು ಕೇಳಿದ್ದೀರಿ. ನೀವು ಬರೆದದ್ದರಲ್ಲಿ ಅದಕ್ಕೆ ಕಾರಣ ನನಗೆ ಕಾಣಲಿಲ್ಲ. ಇರುಸುಮುರುಸು ಬೇರೆ, ಹಾನಿ ಬೇರೆ. ನಿಮ್ಮನ್ನು ಬೇರೆಯವರ ಮುಂದೆ ಅವಮಾನ ಮಾಡುವುದು, ನಂಬಿ ಹೇಳಿದ ಖಾಸಗಿ ಮಾತನ್ನು ನಿಮ್ಮ ವಿರುದ್ಧ ಬಳಸುವುದು, ಲೈಂಗಿಕವಾಗಿ ನಡೆದುಕೊಳ್ಳುವುದು, ದಾಖಲೆ ತಿದ್ದಲು ಹೇಳುವುದು, ಇವುಗಳಲ್ಲಿ ಒಂದಿದ್ದರೂ ಸಂಬಂಧ ಸರಿಪಡಿಸುವ ಹೊಣೆ ನಿಮ್ಮದಲ್ಲ. ನೇರವಾಗಿ ತರಬೇತಿಯ ಮುಖ್ಯಸ್ಥರ ಹತ್ತಿರ ಹೋಗಬೇಕು. ಹಾಗೇ, ನಿಮಗೆ ಎಷ್ಟೇ ಮುಜುಗರ ಆದರೂ ಒಂದು ದಿನವೂ ತಡಮಾಡದೆ ಸೂಪರ್‌ವೈಸರ್‌ಗೆ ಹೇಳಬೇಕಾದವು ಕೆಲವಿವೆ: ಕ್ಲೈಂಟ್ ಜೀವಕ್ಕೆ ಅಪಾಯ ಅನ್ನಿಸಿದರೆ, ಮಗುವಿಗೋ ಇನ್ನೊಬ್ಬರಿಗೋ ಹಾನಿಯಾಗುವ ಸೂಚನೆ ಇದ್ದರೆ, ಥೆರಪಿಸ್ಟ್ ಆಗಿ ಮೀರಬಾರದ ಗಡಿಯನ್ನು ನೀವೇ ದಾಟಿದ್ದರೆ. ನೀವು ಹೇಳದೇ ಬಿಟ್ಟ ‘ಇನ್ನೂ ಕೆಲವು ವಿಷಯ’ಗಳಲ್ಲಿ ಇಂಥದ್ದು ಇದ್ದರೆ ಮುಂದಿನ ವಾರದವರೆಗೆ ಕಾಯಬೇಡಿ. ಇವತ್ತೇ ಫೋನ್ ಮಾಡಿ.

ಥೆರಪಿಗೆ ಹೋಗುವ ಪ್ರಶ್ನೆ ಹಳೆಯದು. 1920ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಐಟಿಂಗನ್ ಮತ್ತು ಜೊತೆಯವರು ಮನೋವಿಶ್ಲೇಷಣೆಯ ಕ್ಲಿನಿಕ್ ತೆರೆದರು. ಅಲ್ಲಿ ಬೆಳೆದ ತರಬೇತಿಯಲ್ಲಿ ಮೂರು ಭಾಗ ಇದ್ದವು: ಸ್ವಂತ ವಿಶ್ಲೇಷಣೆ (ಕಲಿಯುವವರು ತಾವೇ ಥೆರಪಿಗೆ ಒಳಗಾಗುವುದು), ಪಾಠ, ಹಿರಿಯರ ಕಣ್ಗಾವಲಲ್ಲಿ ಕೇಸ್ ನೋಡುವುದು. ಬುಡಾಪೆಸ್ಟ್‌ನ ಮನೋವಿಶ್ಲೇಷಕರು ಮಾತ್ರ ಬೇರೆ ಹೇಳಿದರು. ಟ್ರೈನಿಯ ಮೊದಲ ಕೇಸನ್ನು ಅವರ ಸ್ವಂತ ವಿಶ್ಲೇಷಕರೇ ನೋಡಲಿ, ಒಳಗಿನದೆಲ್ಲ ಗೊತ್ತಿರುವವರು ಅವರೇ ಅಲ್ಲವೇ ಎಂದು. ವಾದದಲ್ಲಿ ಸತ್ವ ಇದೆ. ಆದರೂ ನಿಮ್ಮನ್ನು ಅಳೆಯುವವರ ಮುಂದೆ ನಿಮ್ಮ ಬಾಲ್ಯವನ್ನೆಲ್ಲ ಬಿಚ್ಚಿಡಬೇಕಾಗಿಲ್ಲ ಎನ್ನುವ ಕಡೆಗೇ ನಾನು. ‘ಆ ಮಾತು ಕೇಳಿ ಕುಸಿದ ಹಾಗಾಯ್ತು, ಅದಕ್ಕೇ ವಿಷಯ ಬದಲಾಯಿಸಿದೆ’ ಎನ್ನುವುದು ಸೂಪರ್‌ವಿಷನ್‌ಗೆ ಸೇರಿದ್ದು, ಯಾಕೆಂದರೆ ಅದು ಕ್ಲೈಂಟ್‌ಗೆ ತಟ್ಟಿತು. ಆ ಕುಸಿತದ ಬೇರು ಎಲ್ಲಿದೆ ಎನ್ನುವುದು ನಿಮ್ಮ ಥೆರಪಿಸ್ಟ್ ಹತ್ತಿರ ಮಾತಾಡುವ ವಿಷಯ. ಹಾಗೆ ಕುಸಿಯುವುದು ಮತ್ತೆ ಮತ್ತೆ ಆಗುತ್ತಿದ್ದರೆ ಹೋಗಿ. ನಾನೂ ಹೋಗಿದ್ದೇನೆ.

ಸ್ನೇಹಿತೆಯ ಜೊತೆ ಮನಸ್ಸು ಹಗುರ ಮಾಡಿಕೊಳ್ಳಿ, ಅದು ಬೇಕು. ಆದರೆ ಕ್ಲೈಂಟ್ ಗುರುತು ಸಿಗುವ ಯಾವ ಮಾತೂ ಅಲ್ಲಿ ಬೇಡ. ಆ ಕ್ಲೈಂಟ್ ಬಗ್ಗೆ ಹೊಣೆ ಹೊತ್ತವರು ನಿಮ್ಮ ಸ್ನೇಹಿತೆ ಅಲ್ಲ, ಅಲ್ವಾ?

ಸೂಪರ್‌ವೈಸರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ‘ಈ ವಾರ ಹೇಗಿತ್ತು?’ ಎಂದು ಕೇಳುವ ಬದಲು ‘ಈ ವಾರ ಇಲ್ಲಿಗೆ ತರಲು ಮನಸ್ಸಾಗದ್ದು ಯಾವುದು?’ ಎಂದು ಕೇಳಿ ನೋಡಿ. ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಟ್ರೈನಿ ಹೇಳಲಿಲ್ಲ ಎಂದು ದೂರುವ ಮೊದಲು, ನಮ್ಮ ತಪ್ಪೊಂದನ್ನು ನಾವು ಕೊನೆಯ ಸಲ ಅವರ ಮುಂದೆ ಯಾವಾಗ ಹೇಳಿದ್ದೆವು ಎಂದು ನೆನಪಿಸಿಕೊಳ್ಳೋಣ.

ನಿಮ್ಮ ಕ್ಲೈಂಟ್ ಈಗಲೂ ಬರುತ್ತಿದ್ದಾರೆ ಅಂದುಕೊಂಡಿದ್ದೇನೆ. ಹಾಗಿದ್ದರೆ ಸೂಪರ್‌ವೈಸರ್ ಜೊತೆ ಮಾತಾಡಿ ಬಂದ ಮೇಲೆ, ನಿಮ್ಮಿಬ್ಬರಿಗೂ ಸರಿ ಅನ್ನಿಸಿದರೆ, ಆಕೆಗೆ ಹೀಗೆ ಹೇಳಬಹುದು: ‘ಇಲ್ಲಿಗೆ ಬಂದು ಉಪಯೋಗ ಆಗ್ತಿಲ್ಲ ಅಂತ ನೀವು ಒಂದು ಸಲ ಹೇಳಿದ್ರಿ. ಆಗ ನಾನು ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?’ ಆಮೇಲೆ ಏನನ್ನೂ ಹೇಳಿಕೊಡಲು ಹೋಗಬೇಡಿ. ಆಕೆ ಹೇಳುವುದನ್ನು ಪೂರ್ತಿ ಕೇಳಿ, ಮುಂದಿನ ವಾರ ಅದನ್ನೇ ಮೊದಲ ಮಾತಾಗಿ ಸೂಪರ್‌ವಿಷನ್‌ಗೆ ತೆಗೆದುಕೊಂಡು ಹೋಗಿ.